ಬಲಕ್ಕೆ ಇಪ್ಪತ್ತಾರು ಸುತ್ತು

ಹಿಟ್ಟಿನ ಗಿರಣಿಯ ಮುಂದೆ, ರಸ್ತೆಯ ನಟ್ಟನಡುವೆ, ದುಂಡನೆಯ ಕಬ್ಬಿಣದ ಮುಚ್ಚಳವೊಂದಿದೆ. ಅದರ ಕೆಳಗೆ ಎದೆಯಾಳದ ಗುಂಡಿ. ಗುಂಡಿಯೊಳಗೆ ಕೆಳಪೇಟೆಗೆ ನೀರು ಬಿಡುವ ವಾಲ್ವ್. ಗುಂಡಿ ಇರುವುದು ಮೇಲ್ಪೇಟೆಯಲ್ಲಿ; ನೀರು ಹೋಗುವುದು ಕೆಳಪೇಟೆಯ ಸಾವಿರದ ನೂರು ಮನೆಗಳಿಗೆ. ಪೈಪು ಹೂಳಿದವರಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ನೀರು ಎತ್ತರದಿಂದ ತಗ್ಗಿಗೆ ಹರಿಯಬೇಕಷ್ಟೆ. ಎರಡು ಪೇಟೆಗಳು ಬಡಿದಾಡಿಕೊಂಡ ವರ್ಷ ಮಾತ್ರ ಆ ಮುಚ್ಚಳದ ಪಕ್ಕದಲ್ಲಿ ಪೊಲೀಸಿನವನೊಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದ.

ಊರಿನವರು ಈಗ ನೀರಕ್ಕ ಎಂದು ಕರೆಯುವ ಹೆಂಗಸಿನ ಬದುಕು ಆ ವಾಲ್ವಿಗೆ ಅಂಟಿಕೊಂಡಿದೆ. ಈ ವೃತ್ತಾಂತವನ್ನು ನಾನು ಅವರಿಂದ, ಅವರ ಅತ್ತೆಯಿಂದ, ಆಗ ಪುರಸಭೆಯ ನೀರು ವಿಭಾಗದಲ್ಲಿದ್ದ ಇಬ್ಬರಿಂದ ಬೇರೆಬೇರೆಯಾಗಿ ಕೇಳಿ ಬರೆದುಕೊಂಡೆ. ದಿನಾಂಕಗಳ ವಿಷಯದಲ್ಲಿ ನಾಲ್ವರಿಗೂ ಜಗಳವಿದೆ. ನಡೆದದ್ದರ ವಿಷಯದಲ್ಲಿ ಇಲ್ಲ.

ನೀರಕ್ಕನ ಗಂಡ ಪುರಸಭೆಯ ನೀರಗಂಟಿ. ಹೊತ್ತು ನೋಡಿ ಮೂವತ್ತೊಂದು ವಾಲ್ವುಗಳನ್ನು ತೆರೆದು ಮುಚ್ಚಿ, ಪೇಟೆಪೇಟೆಗೆ, ಬೀದಿಬೀದಿಗೆ ನೀರು ಹಂಚುವುದು ಆತನ ಕೆಲಸ. ಎದೆಮಟ್ಟದ ಕಬ್ಬಿಣದ ಚಾವಿ, ಒಂದು ಸೈಕಲ್ಲು, ಮುಚ್ಚಳ ಮೀಟುವ ಸಲಾಕೆ, ಇವಿಷ್ಟು ಆತನ ಸರಂಜಾಮು. ಯಾವ ವಾಲ್ವಿಗೆ ಎಷ್ಟು ಸುತ್ತು ಎಂಬುದು ಆತನ ತಲೆಯಲ್ಲಿತ್ತು. ಕಚೇರಿಯಲ್ಲಿ ನಕ್ಷೆಯೊಂದು ಇದ್ದದ್ದು ನಿಜ. ಅದನ್ನು ಗೆದ್ದಲು ಆಗಲೇ ಓದಿ ಮುಗಿಸಿತ್ತು.

ನಲವತ್ತೆಂಟನೆಯ ವಯಸ್ಸಿಗೆ ಆತನ ಕಣ್ಣಿನ ನರ ಒಣಗತೊಡಗಿತು. ಮೊದಲು ನೋಟದ ಅಂಚು ಹೋಯಿತು, ಬಳಿಕ ನಡು. ಇದಕ್ಕೆ ಔಷಧಿಯಿಲ್ಲ ಎಂದು ವೈದ್ಯರು ಹೇಳಿದ ದಿನ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯಿಂದ ಪಂಪ್‌ಹೌಸಿನ ಹಿಂದಿನ ತಮ್ಮ ವಸತಿಗೃಹದವರೆಗೆ ನಡೆದೇ ಬಂದರು. ಬಾಗಿಲ ಚಿಲಕ ಹಾಕಿದ ಮೇಲೆ ಆತ ಕೇಳಿದ್ದು ಒಂದೇ ಮಾತು.

"ಬೆಳಿಗ್ಗೆ ನನ್ ಜೊತೆ ಬರ್ತೀಯೇನೇ?"

"ಬರದೇ ಎಲ್ಲಿಗೆ ಹೋಗ್ಲಿ?"

ಹೀಗೆ ಆರು ವರ್ಷ. ನೀರಕ್ಕ ಸೈಕಲ್ಲು ತಳ್ಳುವರು. ಗಂಡ ಅದರ ಹಿಂದಿನ ಕ್ಯಾರಿಯರಿನ ಮೇಲೆ ಕೈಯಿಟ್ಟು, ಲೋಕಾಭಿರಾಮ ಮಾತನಾಡುತ್ತ ಬರುವನು. ಗುಂಡಿಯ ಬಳಿ ಆತ ಜನರತ್ತ ಮುಖ ಮಾಡಿ ನಿಂತು ಅವರಿವರ ಕ್ಷೇಮ ವಿಚಾರಿಸುವಾಗ, ನೀರಕ್ಕ ಆತನ ಬೆನ್ನ ಮರೆಯಲ್ಲಿ ಚಾವಿ ಇಳಿಸಿ ಎಣಿಸುತ್ತ ತಿರುಗಿಸುವರು. ಬೀದಿಯವರು ಇದನ್ನು ದಂಪತಿಗಳ ಅನ್ಯೋನ್ಯತೆ ಎಂದೇ ತಿಳಿದರು.

"ಏನಪ್ಪಾ, ಹೆಂಡ್ತಿ ಬಿಟ್ಟು ಒಂದು ಗಳಿಗೆ ಇರಕ್ಕಾಗಲ್ವಾ ನಿಂಗೆ?" ಎಂದು ಯಾರಾದರೂ ಕಾಲೆಳೆದರೆ ಆತ, "ಏನ್ ಮಾಡ್ಲಿ, ಅವ್ಳನ್ನ ಬಿಟ್ರೆ ನಂಗೆ ದಾರಿನೇ ಕಾಣಲ್ಲ" ಎನ್ನುವನು. ಎಲ್ಲರೂ ನಗುವರು. ನೀರಕ್ಕನೊಬ್ಬರಿಗೇ ನಗು ಬರುತ್ತಿರಲಿಲ್ಲ.

ಗಿರಣಿಯ ಮುಂದಿನ ವಾಲ್ವಿನ ಬಳಿ ಗಂಡ ಪ್ರತಿಸಲವೂ ಎಚ್ಚರಿಸುತ್ತಿದ್ದ. ಉಳಿದ ಮೂವತ್ತು ವಾಲ್ವುಗಳು ಎಡಕ್ಕೆ ತಿರುಗಿಸಿದರೆ ತೆರೆಯುತ್ತಿದ್ದವು. ಹಿಂದೊಮ್ಮೆ ಗಿರಣಿಯ ಮುಂದಿನದು ಒಡೆದಾಗ ಉಗ್ರಾಣದಲ್ಲಿ ಬೇರೆ ತಯಾರಿಕೆಯ ವಾಲ್ವೊಂದೇ ಇತ್ತು, ಊರಿಗೆ ನೀರು ಬೇಕಾಗಿತ್ತು, ಅದನ್ನೇ ಕೂರಿಸಿದರು. ಅದು ಬಲಕ್ಕೆ ತಿರುಗಿಸಿದರೆ ತೆರೆಯುವಂಥದು, ಬಲಕ್ಕೆ ಇಪ್ಪತ್ತಾರು ಸುತ್ತು. ಇದನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ. ನೀರಗಂಟಿಗೆ ಗೊತ್ತಿದ್ದರೆ ಸಾಕಾಗಿತ್ತು.

ಗಂಡ ತೀರಿಕೊಂಡಾಗ ನೀರಕ್ಕನಿಗೆ ಅನುಕಂಪದ ಆಧಾರದ ಮೇಲೆ ಅದೇ ವಿಭಾಗದಲ್ಲಿ ನೌಕರಿ ಸಿಕ್ಕಿತು. ನೀರಗಂಟಿಯ ಕೆಲಸವನ್ನೇ ಕೊಡಿ ಎಂದು ಅವರು ಮೆಲ್ಲಗೆ ಕೇಳಿದ್ದುಂಟು. ಇಂಜಿನಿಯರ್ ಸಾಹೇಬರು ನಕ್ಕರು. "ಹೆಂಗಸ್ರು ವಾಲ್ವ್ ತಿರುಗ್ಸೋದುಂಟೇನಮ್ಮಾ? ರಟ್ಟೆ ಬಿದ್ದೋಗುತ್ತೆ." ಚಹಾ ತರುವುದು, ಕಡತ ಹೊರುವುದು, ಕಸ ಗುಡಿಸುವುದು ಅವರ ಪಾಲಿಗೆ ಬಂತು. ಚಾವಿ ಕೆಳಪೇಟೆಯ ಒಬ್ಬನಿಗೆ ಹೋಯಿತು. ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಿದ್ದರು. ಗಂಡ ಕೊನೆಯ ತಿಂಗಳುಗಳಲ್ಲಿ ಅವನಿಗೆ ಎಲ್ಲ ಸುತ್ತುಗಳನ್ನೂ ಬಾಯಿಪಾಠ ಮಾಡಿಸಿದ್ದ.

ಎರಡು ವರ್ಷಗಳ ನಂತರ ಗಲಾಟೆಯಾಯಿತು. ತರಕಾರಿ ಮಾರುಕಟ್ಟೆಯನ್ನು ಕೆಳಪೇಟೆಯಿಂದ ಮೇಲ್ಪೇಟೆಗೆ ಸಾಗಿಸುವ ಠರಾವಿನಿಂದ ಅದು ಹೊತ್ತಿಕೊಂಡಿತು. ಮೂರು ದಿನ ಕಲ್ಲು, ಬೆಂಕಿ, ಲಾಠಿ. ಇಬ್ಬರು ಸತ್ತರು, ಪೇಟೆಗೊಬ್ಬರಂತೆ. ನಾಲ್ಕನೆಯ ದಿನ ಕಚೇರಿ ಬಾಗಿಲು ತೆರೆದಾಗ ಅಲ್ಲಿ ನಡೆದ ಮೊದಲ ಕೆಲಸ ಒಂದು ಪಟ್ಟಿ ಮಾಡುವುದು. ಯಾವ ನೌಕರ ಯಾವ ಪೇಟೆಯವನು? ಇನ್ನು ಮುಂದೆ ಅವರವರ ಪೇಟೆಗೆ ಅವರವರೇ ಎಂದು ಮುಖ್ಯಾಧಿಕಾರಿಗಳ ಆದೇಶವಾಯಿತು. ಕಸದ ಗಾಡಿಯವರು, ದೀಪದ ತಂತಿಯವರು, ಕಂದಾಯದ ಗುಮಾಸ್ತರು ಎಲ್ಲರೂ ಎರಡು ಪಾಲಾದರು. ಜೀವ ಉಳಿಸುವ ದೃಷ್ಟಿಯಿಂದ ನೋಡಿದರೆ ಆದೇಶ ತಪ್ಪೆನ್ನಲಾಗದು. ಆದರೆ ನೆಲದಡಿಯ ಪೈಪುಗಳನ್ನು ಯಾರೂ ಹಾಗೆ ಪಾಲು ಮಾಡಿರಲಿಲ್ಲ.

ಉದ್ದಣ್ಣನ ಹೆಸರು ಪೊಲೀಸರ ಪಟ್ಟಿಯಲ್ಲಿದೆ ಎಂಬ ಸುದ್ದಿ ಹಬ್ಬಿ, ಅವನು ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟಿದ್ದ. ಹೋಗುವ ಸಂಜೆಯೂ ನಿಯಮದ ಪ್ರಕಾರ ಗಿರಣಿಯ ವಾಲ್ವನ್ನು ಮುಚ್ಚಿಯೇ ಹೋಗಿದ್ದ. ಮೇಲ್ಪೇಟೆಯ ವಾಲ್ವುಗಳೆಲ್ಲ ಮೇಲ್ಪೇಟೆಯವನೇ ಆದ, ಪಂಪ್‌ಹೌಸಿನಲ್ಲಿ ಎಣ್ಣೆ ಹಾಕಿಕೊಂಡಿದ್ದ, ಮೀಸೆ ಎಂಬ ಅಡ್ಡಹೆಸರಿನ ನೌಕರನ ಕೈಗೆ ಬಂದವು. ಕೆಳಪೇಟೆಯ ನಲ್ಲಿಗಳಲ್ಲಿ ಒಂದು ಹನಿಯೂ ಬರಲಿಲ್ಲ.

ಮೇಲಿನವರು ಬೇಕೆಂತಲೇ ನೀರು ನಿಲ್ಲಿಸಿದ್ದಾರೆ ಎಂದು ಕೆಳಪೇಟೆ ಕೂಗಿತು. ಮೀಸೆ ಎಲ್ಲರೆದುರು ಎದೆ ಬಡಿದುಕೊಂಡು, ವಾಲ್ವು ತೆರೆದೇ ಇದೆ, ತಾನು ಮುಚ್ಚಿಯೇ ಇಲ್ಲವೆಂದು ಆಣೆಯಿಟ್ಟ. ಇಂಜಿನಿಯರ್ ಸಾಹೇಬರು ಎರಡೂ ಪೇಟೆಯ ಶಾಂತಿ ಸಮಿತಿಗಳನ್ನು ಗಿರಣಿಯ ಮುಂದೆ ಸೇರಿಸಿದರು. ಎಲ್ಲರ ಕಣ್ಣೆದುರಿಗೆ ಮೀಸೆ ಚಾವಿ ಇಳಿಸಿ ಎಡಕ್ಕೆ ತಿರುಗಿಸಲು ನೋಡಿದ. ಚಾವಿ ಕದಲಲಿಲ್ಲ.

"ನೋಡಿ, ಪೂರ್ತಿ ತೆರೆದೇ ಇದೆ. ಇನ್ನು ಒಂದು ಎಳೆನೂ ಹೋಗಲ್ಲ."

ಕೆಳಪೇಟೆಯ ಪರವಾಗಿ ಬಂದಿದ್ದ ದರ್ಜಿಯೂ ಚಾವಿ ಹಿಡಿದು ಎಡಕ್ಕೆ ತಿವಿದು ನೋಡಿದ. ಕದಲಲಿಲ್ಲ. ಹಾಗಾದರೆ ಇನ್ನು ಮುಂದೆ ಯಾರೂ ಇದನ್ನು ಮುಚ್ಚಬಾರದು, ಯಾರ ಮೇಲೂ ಅನುಮಾನ ಬರಬಾರದು ಎಂದು ಮುಚ್ಚಳಕ್ಕೆ ಬೀಗ ಜಡಿದು, ಅರಗು ಕಾಯಿಸಿ ಮುದ್ರೆಯೊತ್ತಿ, ಕಾವಲಿಗೆ ಪೊಲೀಸಿನವನನ್ನು ಕೂರಿಸಿದರು. ವಾಲ್ವನ್ನು ಶಾಶ್ವತವಾಗಿ ತೆರೆದಿಡಲಾಗಿದೆ ಎಂಬ ಮಹಜರಿಗೆ ಎರಡೂ ಕಡೆಯ ಹತ್ತು ಜನ ಸಹಿ ಹಾಕಿದರು. ಗಲಾಟೆಯ ನಂತರ ಎರಡು ಪೇಟೆಗಳು ಒಪ್ಪಿ ಮಾಡಿದ ಏಕೈಕ ಕೆಲಸ ಅದು. ಮುಚ್ಚಿದ ವಾಲ್ವೊಂದು ಹೀಗೆ ಸರ್ಕಾರಿ ಮುದ್ರೆಯಡಿಯಲ್ಲಿ ತೆರೆದುಕೊಂಡಿತು.

ಅನುಮಾನ ಬೇರೆ ಕಡೆ ಹರಿಯಿತು. ಪೈಪನ್ನೇ ಎಲ್ಲೋ ಒಡೆದು ಮಣ್ಣು ತುಂಬಿದ್ದಾರೆಂದು ನಾಲ್ಕು ಕಡೆ ರಸ್ತೆ ಅಗೆದರು. ಸಿಕ್ಕಿದ್ದು ಒಣ ಪೈಪು. ಟ್ಯಾಂಕರುಗಳಿಗೆ ಕಲ್ಲು ಬಿತ್ತು. ಕೆಳಪೇಟೆಯ ಹೆಂಗಸರು ಕೊಡ ಹೊತ್ತು ಸೇತುವೆಯಾಚೆಯ ಬಾವಿಗೆ ನಡೆದರು.

ಹನ್ನೊಂದನೆಯ ದಿನ ಕಡತಗಳನ್ನು ಜೋಡಿಸುತ್ತಿದ್ದಾಗ ಮಹಜರಿನ ಪ್ರತಿ ನೀರಕ್ಕನ ಕೈಗೆ ಸಿಕ್ಕಿತು. 'ಎಡಕ್ಕೆ ತಿರುಗಿಸಿ ಪರಿಶೀಲಿಸಲಾಗಿ, ಪೂರ್ಣ ತೆರೆದ ಸ್ಥಿತಿಯಲ್ಲಿರುವುದು ಕಂಡುಬಂದಿದೆ' ಎಂಬ ಸಾಲನ್ನು ಅವರು ಓದಿದರು. ಮತ್ತೊಮ್ಮೆ ಓದಿದರು. ಕಾಗದ ಹಿಡಿದುಕೊಂಡೇ ಇಂಜಿನಿಯರ್ ಸಾಹೇಬರ ಕೋಣೆಗೆ ಹೋದರು.

"ಸಾರ್, ಇದು ಬಲಕ್ಕೆ ತೆರೆಯೋ ವಾಲ್ವು. ನಮ್ ಯಜಮಾನ್ರು ಹೇಳ್ತಿದ್ರು."

ಸಾಹೇಬರು ಕೆಟ್ಟವರಲ್ಲ, ಹದಿನೈದು ದಿನಗಳಿಂದ ನಿದ್ದೆಗೆಟ್ಟವರು. ಕಣ್ಣುಜ್ಜಿಕೊಂಡು ಬಾಗಿಲು ಮುಂದೆ ಮಾಡಿದರು.

"ನೋಡಮ್ಮಾ, ನಾನೀಗ ಸಹಿ ಹಾಕಿದ್ರೆ ಒಂದು ಪೇಟೆ ಮೈಮೇಲೆ ಬೀಳುತ್ತೆ, ಹಾಕದಿದ್ರೆ ಇನ್ನೊಂದು. ಸತ್ತೋರು ಹಿಂಗಂದಿದ್ರು ಅಂತ ಆ ಸೀಲ್ ಒಡೆಯಕ್ಕಾಗಲ್ಲ. ಒಡೆದು, ಅದು ಸುಳ್ಳಾದ್ರೆ? ನಾಳೆ ಮತ್ತೆ ಬೆಂಕಿ. ನನ್ ಕೈಯಾರೆ ತಿರುಗ್ಸಿದ್ದೀನಿ ಅಂತ ಎರಡೂ ಕಡೆಯೋರ ಮುಂದೆ ಹೇಳಿಕೆ ಕೊಡೋರು ಯಾರಾದ್ರೂ ಇದ್ರೆ ಕರ್ಕೊಂಬಾ. ಉದ್ದಣ್ಣ ಎಲ್ಲಿದ್ದಾನೆ ಗೊತ್ತಾ?"

ಉದ್ದಣ್ಣ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ಕೈಯಾರೆ ತಿರುಗಿಸಿದ ಇನ್ನೊಬ್ಬರು ಸಾಹೇಬರ ಎದುರಿಗೇ ನಿಂತಿದ್ದರು. ಹಾಗೆಂದು ಹೇಳಿದರೆ, ಕುರುಡನೊಬ್ಬ ಆರು ವರ್ಷ ಸರ್ಕಾರಕ್ಕೆ ಸುಳ್ಳು ಹೇಳಿ ನೌಕರಿಯಲ್ಲಿದ್ದನೆಂದು ಬರೆಸಿದಂತೆ. ಅವನ ಸಾವಿನ ಆಧಾರದ ಮೇಲೆ ಸಿಕ್ಕ ನೌಕರಿ ಉಳಿಯುತ್ತದೆಯೇ? ವಸತಿಗೃಹ? ಎಪ್ಪತ್ತು ದಾಟಿದ ಅತ್ತೆಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ನೀರಕ್ಕ ಕಾಗದ ಮಡಚಿಕೊಂಡು ಹೊರಗೆ ಬಂದರು.

ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದವರು ತಟ್ಟೆಯಲ್ಲಿನ ಅನ್ನವನ್ನೇ ನೋಡುತ್ತ ಕೂತರು. ಅತ್ತೆಗೆ ಸೊಸೆಯ ಮುಖ ಓದಲು ಕನ್ನಡಕ ಬೇಕಿರಲಿಲ್ಲ.

"ಏನಾಯ್ತೇ? ಅನ್ನ ಏನ್ ಮಾಡ್ತು ನಿಂಗೆ, ಹಂಗ್ ನೋಡ್ತಿದ್ದೀಯ?"

ನೀರಕ್ಕ ಎಲ್ಲವನ್ನೂ ಹೇಳಿದರು. ಮಗನಿಗೆ ಕಣ್ಣು ಕಾಣದೆಂಬ ಸಂಗತಿಯನ್ನು ಅವರು ತಮ್ಮ ಸ್ವಂತ ತಂಗಿಗೂ ಹೇಳಿರಲಿಲ್ಲ.

"ಹೇಳಿದ್ರೆ ನಿನ್ ಕೆಲ್ಸ ಹೋಗುತ್ತಾ?"

"ಹೋಗ್ಬೋದು ಅತ್ತೆ. ಅವ್ರ ಹೆಸರೂ ಹೋಗುತ್ತೆ."

"ಅವ್ನ್ ಹೆಸರಿನ ಮಾತು ನನಗ್ ಬಿಡು. ಹೆತ್ತೋಳು ನಾನು." ಅತ್ತೆ ನೀರಿನ ಲೋಟವನ್ನು ಸೊಸೆಯ ಕಡೆಗೆ ಸರಿಸಿದರು. "ಜ್ವರ ಬಂದ್ರೂ ಒಂದಿನ ಯಾರ ಮನೆಗೂ ನೀರು ತಪ್ಪಿಸಿದೋನಲ್ಲ. ಈಗ ಹನ್ನೊಂದು ದಿನದಿಂದ ಆ ಹೆಂಗಸ್ರು ಸೇತುವೆ ದಾಟಿ ಕೊಡ ಹೊರ್ತಿದ್ದಾರೆ. ಗೊತ್ತಿದ್ದೂ ಬಾಯಿ ಮುಚ್ಕೊಂಡು ಈ ಮನೇಲಿ ಕೂತ್ರೆ, ನಂಗ್ ಗಂಟಲಲ್ಲಿ ತುತ್ತಿಳಿಯಲ್ಲ. ಮನೆ ಹೋದ್ರೆ ಹೋಯ್ತು. ನಂಗೇನು ಅರಮನೆ ಬೇಕಾ? ನಿನ್ ಜೊತೆ ಮೂಲೇಲಿ ಒಂದು ಚಾಪೆ ಸಾಕು."

ಮರುದಿನ ಬೆಳಿಗ್ಗೆ ಕಚೇರಿಯ ಸಭಾಂಗಣದಲ್ಲಿ ಎರಡೂ ಸಮಿತಿಗಳು ಸೇರಿದ್ದವು. ಮೇಜಿನ ಈಚೆ ಒಂದು ಪೇಟೆ, ಆಚೆ ಇನ್ನೊಂದು. ಮೇಲ್ಪೇಟೆಯ ಪರವಾಗಿ ಗಿರಣಿಯ ಮಾಲೀಕರು ಮಾತನಾಡುತ್ತಿದ್ದರು.

"ಸೀಲ್ ಹಾಕ್ದಾಗ ನೀವೂ ಸಹಿ ಹಾಕಿಲ್ವೇನ್ರೀ? ಆಗ ಕಣ್ಣೆಲ್ಲಿ ಇಟ್ಟಿದ್ರಿ?"

"ನಿಮ್ಮ ನೀರು ಕಾಗದದ ಮೇಲೆ ಮಾತ್ರ ಹರೀತಾ ಇದೆ ಸ್ವಾಮಿ," ಎಂದ ದರ್ಜಿ. "ಕಾಗದ ಹಿಂಡ್ಕೊಂಡು ಕುಡೀಲಾ?"

ನೀರಕ್ಕ ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಹೊರಗೆ ಹೋಗಲಿಲ್ಲ.

"ಸಾರ್, ಆ ವಾಲ್ವು ಮುಚ್ಚಿದೆ."

ಗೋಡೆಗೊರಗಿ ನಿಂತಿದ್ದ ಮೀಸೆ ನೆಗೆದು ಬಂದ. "ಏನಕ್ಕಾ, ನನ್ ಮೇಲೆ ಗೂಬೆ ಕೂರಿಸ್ತೀಯಾ?"

"ನಿನ್ ತಪ್ಪಿಲ್ಲಪ್ಪ. ಊರಲ್ಲಿರೋ ಎಲ್ಲಾ ವಾಲ್ವೂ ಎಡಕ್ಕೆ ತೆರೀತವೆ. ಅದೊಂದು ಮಾತ್ರ ಬಲಕ್ಕೆ. ನೀನು ಸುಳ್ಳು ಹೇಳ್ಲಿಲ್ಲ, ಇವ್ರೂ ಸುಳ್ಳು ಹೇಳ್ಲಿಲ್ಲ."

"ನಿಂಗ್ ಹೆಂಗಮ್ಮಾ ಗೊತ್ತು?" ಗಿರಣಿಯ ಮಾಲೀಕರು ಕೇಳಿದರು.

"ಆರು ವರ್ಷ, ದಿನಾ ಎರಡು ಸಲ, ನಾನೇ ತಿರುಗ್ಸಿದ್ದೀನಿ. ನಮ್ ಯಜಮಾನ್ರಿಗೆ ಕಣ್ಣು ಕಾಣ್ತಿರಲಿಲ್ಲ."

ಮೂಲೆಯಲ್ಲಿ ಬೆರಳಚ್ಚಿನ ಸದ್ದು ನಿಂತಿತು. ಸಾಹೇಬರು ನಿಧಾನವಾಗಿ ಕೇಳಿದರು: "ಇದನ್ನ ಬರ್ಕೋಬೇಕಾಗುತ್ತಮ್ಮಾ. ಏನಾಗುತ್ತೆ ಗೊತ್ತಲ್ಲ?"

"ಗೊತ್ತು ಸಾರ್. ಬರ್ಕೊಳ್ಳಿ. ಆದ್ರೆ ಬೇಗ ಬರ್ಕೊಳ್ಳಿ, ಒಂಬತ್ತೂವರೆಗೆ ಪಂಪು ನಿಲ್ಲಿಸ್ತಾರೆ."

ಹೇಳಿಕೆ ಅರ್ಧ ಹಾಳೆಯಾಯಿತು. ಎಂಟೂವರೆಗೆ ಎಲ್ಲರೂ ಗಿರಣಿಯ ಮುಂದಿದ್ದರು. ಸುದ್ದಿ ಹಬ್ಬಿ ಎರಡು ಪೇಟೆಯ ಜನರೂ ಬಂದು ರಸ್ತೆಯ ಎರಡು ಬದಿಗೆ ನಿಂತಿದ್ದರು. ಗಿರಣಿಯ ಯಂತ್ರವನ್ನು ನಿಲ್ಲಿಸಲಾಯಿತು. ಅರಗಿನ ಮುದ್ರೆಯನ್ನು ಸಾಹೇಬರೇ ಒಡೆದರು.

ನೀರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಾವಿ ಇಳಿಸಿ, ಅದರ ತುದಿಗೆ ಕಿವಿಯಿಟ್ಟು ಕೇಳಿದರು. ನೀರು ಹರಿಯುತ್ತಿದ್ದರೆ ಕಬ್ಬಿಣದೊಳಗೆ ಒಂದು ಗುಂಯ್‌ಗುಡುವಿಕೆ ಇರುತ್ತದೆ. ಈಗ ಇರಲಿಲ್ಲ. ದರ್ಜಿಯನ್ನೂ ಮಾಲೀಕರನ್ನೂ ಕರೆದು ಕಿವಿಯಿಡಿಸಿದರು. ಇಬ್ಬರೂ ಇಲ್ಲವೆಂದು ತಲೆಯಾಡಿಸಿದರು. ಬಳಿಕ ಚಾವಿಯ ಅಡ್ಡಪಟ್ಟಿಗೆ ಎರಡೂ ಕೈ ಕೊಟ್ಟು ಬಲಕ್ಕೆ ಒತ್ತಿದರು.

ಹನ್ನೆರಡು ದಿನ ಕದಲದೆ ಬಿಗಿದುಕೊಂಡಿದ್ದ ವಾಲ್ವು ಮೊದಲಿಗೆ ಜಗ್ಗಲಿಲ್ಲ. ಗುಂಪಿನಲ್ಲಿ ಯಾರೋ ನಕ್ಕರು. ನೀರಕ್ಕ ಕಾಲು ಅಗಲಿಸಿ, ಮೈಭಾರವನ್ನೆಲ್ಲ ಹಾಕಿ ಮತ್ತೆ ಒತ್ತಿದರು. ಕಿರ್ರೆಂದು ಕದಲಿತು.

"ಒಂದು," ಎಂದರು ನೀರಕ್ಕ.

ಐದರವರೆಗೆ ಅವರೊಬ್ಬರೇ ಎಣಿಸಿದರು. ಆರಕ್ಕೆ ದರ್ಜಿ ದನಿಗೂಡಿಸಿದ. ಹತ್ತಕ್ಕೆ ಮೀಸೆ. ಹದಿನಾರಕ್ಕೆ ಗಿರಣಿಯ ಮಾಲೀಕರ ಗಡಸು ಗಂಟಲೂ ಸೇರಿತು. ಹತ್ತೊಂಬತ್ತಕ್ಕೆ ಚಾವಿಯೊಳಗೆ ಗುಂಯ್‌ಗುಡುವಿಕೆ ಎದ್ದು ನೀರಕ್ಕನ ಅಂಗೈಗೆ ತಾಗಿತು. ಅವರು ಯಾರಿಗೂ ಹೇಳದೆ ತಿರುಗಿಸುತ್ತಲೇ ಹೋದರು. ಇಪ್ಪತ್ತಾರು ಎಂದು ಇಡೀ ರಸ್ತೆ ಕೂಗಿತು. ಚಾವಿ ನಿಂತಿತು. ದರ್ಜಿಯ ಫೋನು ಬಡಿದುಕೊಂಡಿತು; ಕೆಳಪೇಟೆಯ ಮನೆಯಿಂದ ಹೆಂಡತಿ.

"ಏನೇ? ಜೋರಾಗಿ ಹೇಳು, ಎಲ್ರೂ ಕೇಳ್ಲಿ!"

"ನಲ್ಲಿ ಬುಸುಗುಡ್ತಿದೆ ರೀ! ಗಾಳಿ... ತಡೀರಿ, ಕೆಂಪು ನೀರು... ಅಯ್ಯೋ, ಬಂತು! ಕೊಡ ಎಲ್ರೀ, ಕೊಡ ಕೊಡ್ರೀ ಯಾರಾದ್ರೂ!"

ರಸ್ತೆಯ ಎರಡೂ ಬದಿಯಿಂದ ಎದ್ದ ಕೂಗು ಒಂದೇ ಆಗಿತ್ತು ಎಂಬ ವಿಷಯದಲ್ಲಿ ನನ್ನ ನಾಲ್ವರು ಹೇಳಿಕೆದಾರರೂ ಒಮ್ಮತದಿಂದಿದ್ದಾರೆ.

ಬರೆದುಕೊಂಡ ಹೇಳಿಕೆ ಮಾತ್ರ ಕಡತದಲ್ಲಿ ಉಳಿದಿತ್ತು. ಎರಡು ವಾರಕ್ಕೆ ಜಿಲ್ಲಾ ಕಚೇರಿಯಿಂದ ವಿಚಾರಣಾಧಿಕಾರಿ ಬಂದರು. ಮೃತ ನೌಕರ ಅಂಧತ್ವ ಮರೆಮಾಚಿದ್ದು ಒಂದು ಆರೋಪ. ಅನಧಿಕೃತ ವ್ಯಕ್ತಿ ಸರ್ಕಾರಿ ಕೆಲಸ ಮಾಡಿದ್ದು ಇನ್ನೊಂದು. ನೀರಕ್ಕ ಹಿಂದಿನ ಸಂಜೆಯೇ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಟ್ಟಿದ್ದರು.

ಯಾರೂ ಕರೆಯದ ಇಬ್ಬರು ಅಂದು ವಿಚಾರಣೆಗೆ ಬಂದರು. ದರ್ಜಿಯೂ ಗಿರಣಿಯ ಮಾಲೀಕರೂ ಒಂದೇ ಸ್ಕೂಟರಿನಲ್ಲಿ, ಒಬ್ಬರ ಹಿಂದೊಬ್ಬರು ಕೂತು ಬಂದಿದ್ದರು. ಕೈಯಲ್ಲಿ ಒಂದು ಅರ್ಜಿ. ಅದರ ಹಿಂದೆ ಎರಡು ಪೇಟೆಯ ಆರುನೂರು ಸಹಿ, ಪೇಟೆಯ ಭೇದವಿಲ್ಲದೆ ಕಲಸಿಹೋಗಿದ್ದವು.

"ಈಯಮ್ಮ ನಮ್ ಪೇಟೆಯೋರು," ಎಂದರು ಮಾಲೀಕರು.

"ಇದೆಂಥಾ ಮಾತು! ನೀರು ಕುಡಿಸಿದ್ದು ನಮಗೆ, ನಮ್ಮೋರು," ಎಂದ ದರ್ಜಿ.

"ನೀವಿಬ್ರೂ ಹೊರಗೆ ಹೋಗಿ ತೀರ್ಮಾನ ಮಾಡ್ಕೊಳ್ಳಿ," ಎಂದು ಅಧಿಕಾರಿ ಗದರಿದರು. ಬಳಿಕ ದೂರು ಪುಸ್ತಕಗಳನ್ನು ತರಿಸಿದರು. ತಂದಿಟ್ಟವರು ನೀರಕ್ಕನೇ. ಆ ಆರು ವರ್ಷಗಳಲ್ಲಿ ಮೂವತ್ತೊಂದು ವಾಲ್ವುಗಳ ನೀರಿನ ಬಗ್ಗೆ ಬಂದ ದೂರುಗಳು ಒಟ್ಟು ಒಂಬತ್ತು. ಪೇಟೆಗೊಬ್ಬ ನೀರಗಂಟಿಯನ್ನು ಹಾಕಿದ ಮೇಲೆ, ಒಂದು ತಿಂಗಳೊಳಗೆ, ಇನ್ನೂರ ಹದಿನಾಲ್ಕು.

"ಒಂಬತ್ತು," ಅಧಿಕಾರಿ ತಮ್ಮಷ್ಟಕ್ಕೇ ಎಂದರು. ತಲೆಯೆತ್ತಿ ನೀರಕ್ಕನನ್ನು ಕೇಳಿದರು: "ಆ ಒಂಬತ್ತು ಯಾಕಾಯ್ತಮ್ಮಾ?"

"ನಾಕು ಪೈಪು ಒಡೆದದ್ದು ಸಾರ್. ಮೂರು ಕರೆಂಟ್ ಹೋಗಿದ್ದು. ಎರಡು ನಮ್ ಅತ್ತೆ ಕೊಟ್ಟಿದ್ದು. ನಮ್ಮನೆ ನಲ್ಲಿ ಸೋರ್ತಿತ್ತು, ಅವ್ರು ಮಗ ಅಂತ ಮುಖ ನೋಡೋರಲ್ಲ."

ಅಧಿಕಾರಿ ಬಿದ್ದು ಬಿದ್ದು ನಕ್ಕರು. ಆದರೆ ತೀರ್ಮಾನವನ್ನು ಆಮೇಲೆ ಕಳಿಸುವೆನೆಂದು ಹೊರಟುಹೋದರು. ಗೋಣಿಚೀಲ ಇಪ್ಪತ್ತು ದಿನ ಬಾಗಿಲ ಬಳಿಯೇ ಇತ್ತು.

ಆದೇಶ ಬಂದದ್ದು ಒಂದು ಮಧ್ಯಾಹ್ನ, ಮೂರೂವರೆಗೆ. ಸಾಹೇಬರು ಎಲ್ಲರನ್ನೂ ಸಭಾಂಗಣಕ್ಕೆ ಕರೆದು ಗಟ್ಟಿಯಾಗಿ ಓದಿದರು. ಮೃತ ನೌಕರನ ಸೇವಾವಧಿಯಲ್ಲಿ ಸಾರ್ವಜನಿಕರಿಗೆ ಯಾವುದೇ ತೊಂದರೆಯಾಗಿಲ್ಲವಾದ್ದರಿಂದ ಆತನ ಮೇಲಿನ ಹಾಗೂ ಆತನ ಪತ್ನಿಯ ಮೇಲಿನ ಆರೋಪಗಳನ್ನು ಕೈಬಿಡಲಾಗಿದೆ. ನೀರು ವಿಭಾಗದಲ್ಲಿ ಪೇಟೆವಾರು ನೇಮಕವನ್ನು ರದ್ದುಪಡಿಸಲಾಗಿದೆ. ಮೂವತ್ತೊಂದು ವಾಲ್ವುಗಳ ಸುತ್ತು, ದಿಕ್ಕುಗಳನ್ನು ನಕ್ಷೆಯಲ್ಲಿ ದಾಖಲಿಸುವ ಹೊಣೆಯೊಂದಿಗೆ, ಎರಡೂ ಪೇಟೆಗಳ ನೀರಗಂಟಿಯಾಗಿ ಈಕೆಯನ್ನು ನೇಮಿಸಲಾಗಿದೆ.

ಅತ್ತೆಯನ್ನು ಯಾರೋ ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. "ಇನ್ನೊಂದ್ಸಲ ಓದಪ್ಪ," ಎಂದರು ಅವರು ಸಾಹೇಬರಿಗೆ. "ಮಗನ ಮೇಲಿಂದು ಏನೋ ಕೈಬಿಟ್ರು ಅಂದ್ಯಲ್ಲ, ಅಲ್ಲಿಂದ."

ಸಾಹೇಬರು ಓದಿದರು. ಬೆರಳಚ್ಚಿನವರು ಕಣ್ಣೊರೆಸಿಕೊಂಡರು. ಎಲ್ಲರಿಗೂ ಚಹಾ ತರಿಸಬೇಕೆಂದು ಸಾಹೇಬರು ಅಭ್ಯಾಸಬಲದಿಂದ ನೀರಕ್ಕನತ್ತ ತಿರುಗಿ, ನಾಲಿಗೆ ಕಚ್ಚಿಕೊಂಡು, ತಾವೇ ಎದ್ದರು.

"ನಂಗ್ ಬೇಡ ಸಾರ್," ಎಂದರು ನೀರಕ್ಕ ಗಡಿಯಾರ ನೋಡಿ. "ನಾಲ್ಕಕ್ಕೆ ಮೇಲ್ಪೇಟೆಗೆ ಬಿಡ್ಬೇಕು, ಐದೂವರೆಗೆ ಕೆಳಪೇಟೆಗೆ."

ಚಾವಿಯನ್ನು ಹೆಗಲಿಗೇರಿಸಿಕೊಂಡು ಅವರು ಮೆಟ್ಟಿಲಿಳಿದರು. ಹಿಂದಿನಿಂದ ಮೀಸೆ ಸಲಾಕೆ ಹಿಡಿದು ಓಡುತ್ತ ಬಂದ.

"ಅಕ್ಕಾ, ನಿಧಾನ ನಡೀರಿ! ನಾನೂ ಕಲೀಬೇಕಲ್ವಾ?"